ಎದುರಿನವರಿಗೊಬ್ಬ ವಕೀಲ

ಕೋರ್ಟಿಗೆ ಹೋದವರು ತಮಗೆ ಒಳ್ಳೆಯ ವಕೀಲ ಸಿಗಲಿ ಎಂದು ಬೇಡಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಬೇಡಿಕೊಂಡದ್ದು ಎದುರಿನವರಿಗೆ ಒಬ್ಬ ವಕೀಲ ಸಿಗಲಿ ಎಂದು. ಅವ್ವ ಶಿರಹಟ್ಟಿ ಮಠಕ್ಕೆ ಹೋಗಿ ಅದಕ್ಕಾಗಿಯೇ ಹರಕೆ ಹೊತ್ತು ಬಂದಿದ್ದಳು. ಅಪ್ಪ ದಿನಾ ಪೇಪರು ಬಿಡಿಸಿ, ಸರಕಾರ ಹೊಸ ವಕೀಲರನ್ನು ನೇಮಿಸಿದ ಸುದ್ದಿ ಎಲ್ಲಾದರೂ ಇದೆಯೇ ಎಂದು ಹುಡುಕುತ್ತಿದ್ದ. ನಾನು ಗದಗಿನ ಕೋರ್ಟಿನ ಎದುರು ಒಂದು ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡುವವಳು. ಬೆಳಗಿನಿಂದ ಸಂಜೆವರೆಗೆ ಮಂದಿಯ ಜಗಳಗಳನ್ನು ಕುಟ್ಟುವುದೇ ನನ್ನ ಉದ್ಯೋಗ. ಇಂಥ ವಿಚಿತ್ರ ಬೇಡಿಕೆಯನ್ನು ನಾನು ಬೇರೆ ಯಾವ ಕಕ್ಷಿದಾರರ ಬಾಯಲ್ಲೂ ಕೇಳಿಲ್ಲ.

ಅಪ್ಪ ಬೆಳ್ಳಟ್ಟಿಯವನು. ಮೀಸೆ ಚಿಗುರುವ ವಯಸ್ಸಿನಲ್ಲೇ ಸೈನ್ಯಕ್ಕೆ ಸೇರಿದ. ಸೇರುವಾಗ ಅವನ ಹಲ್ಲು, ಕಣ್ಣು, ಎದೆ, ಅಂಗಾಲು ಎಲ್ಲವನ್ನೂ ಸಂತೆಯಲ್ಲಿ ಎತ್ತು ನೋಡಿದ ಹಾಗೆ ನೋಡಿ, ಆಳು ಗಟ್ಟಿ ಇದ್ದಾನೆ ಎಂದು ಬರೆದುಕೊಂಡರು. ಬಹಳ ವರ್ಷ ಗಟ್ಟಿಯಾಗಿಯೇ ಇದ್ದ. ಒಂದು ಚಳಿಗಾಲದಲ್ಲಿ, ಹಿಮ ಬಿದ್ದ ದಾರಿಯಲ್ಲಿ, ಅವನಿದ್ದ ಲಾರಿ ಜಾರಿ ಮಗುಚಿತು. ತಲೆಗೆ ಪೆಟ್ಟಾಯಿತು. ಗಾಯ ಮಾಯ್ದು ಕೆಲಸಕ್ಕೆ ಮರಳಿದ ಮೇಲೆ, ಕವಾಯತಿನ ಮೈದಾನದಲ್ಲಿ ಮೊದಲ ಸಲ ಮೂರ್ಛೆ ಬಂದು ಬಿದ್ದ. ಆಮೇಲೆ ಮತ್ತೆ ಮತ್ತೆ ಬಿದ್ದ. ವೈದ್ಯರ ಮಂಡಳಿ ಕುಳಿತು, ಇವನು ಇನ್ನು ಸೇವೆಗೆ ಲಾಯಕ್ಕಲ್ಲ ಎಂದು ಮನೆಗೆ ಕಳಿಸಿತು. ಕಳಿಸುವಾಗ ಒಂದು ಸಾಲು ಸೇರಿಸಿತು: ಈ ರೋಗ ಹುಟ್ಟಿನಿಂದಲೇ ದೇಹದಲ್ಲಿದ್ದದ್ದು, ಸೇವೆಗೂ ಇದಕ್ಕೂ ಸಂಬಂಧವಿಲ್ಲ. ಹಾಗೆ ಬರೆದರೆ ಅಂಗವೈಕಲ್ಯದ ಪಿಂಚಣಿ ಕೊಡಬೇಕಾಗುವುದಿಲ್ಲ. ಬರೆದವರು ಅಷ್ಟನ್ನೇ ಯೋಚಿಸಿದ್ದರು ಎಂದು ಕಾಣುತ್ತದೆ.

ನಮ್ಮೂರಲ್ಲಿ ಮಿಲಿಟರಿಯಿಂದ ಬಂದ ಕಾಗದವನ್ನು ಮನೆಯೊಳಗೆ ಓದುವ ರೂಢಿ ಇರಲಿಲ್ಲ. ಅಪ್ಪ ಸೇವೆಯಲ್ಲಿದ್ದಾಗ ಅವನ ಪತ್ರಗಳನ್ನು ಅಜ್ಜ ಪಂಚಾಯ್ತಿ ಕಟ್ಟೆಗೆ ಒಯ್ದು, ಓದಬಲ್ಲವರ ಕೈಗೆ ಕೊಟ್ಟು, ಹತ್ತು ಮಂದಿ ಕೇಳುವಂತೆ ಓದಿಸುತ್ತಿದ್ದ. ಊರ ಹುಡುಗ ಹೋಗಿದ್ದಾನೆ, ಅವನ ಖಬರು ಊರಿಗೇ ಸೇರಿದ್ದು ಎಂಬ ಭಾವನೆ. ಮನೆಗೆ ಬಂದ ಅಪ್ಪನೂ ಅದನ್ನೇ ಮಾಡಿದ. ಇಂಗ್ಲಿಷಿನಲ್ಲಿದ್ದ ಆ ಹಾಳೆಯನ್ನು ಹೈಸ್ಕೂಲಿನ ಮಾಸ್ತರರ ಕೈಗೆ ಕೊಟ್ಟು, ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಹೇಳಿರಿ ಎಂದ. ತನ್ನ ಸೇವೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಇದ್ದೇ ಇರುತ್ತವೆ ಎಂದುಕೊಂಡಿದ್ದ. ಮಾಸ್ತರರು ಓದುತ್ತ ಓದುತ್ತ ಆ ಸಾಲಿಗೆ ಬಂದರು. ಪಾಪ, ಸುಳ್ಳು ಹೇಳಲು ಬಾರದ ಮನುಷ್ಯ. ಇದು ಹುಟ್ಟಿನಿಂದ ಬಂದ ಬೇನೆ ಎಂದು ಬರೆದಿದ್ದಾರೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು. ಕಟ್ಟೆಯ ಮೇಲಿದ್ದವರು ಒಬ್ಬೊಬ್ಬರಾಗಿ ಎದ್ದು ಹೋದರಂತೆ. ಆಡಬೇಕಾದ್ದನ್ನೆಲ್ಲ ಅವರವರ ಮನೆಗೆ ಹೋಗಿ ಆಡಿದರು.

ಆಗ ನಾನಿನ್ನೂ ಶಾಲೆಗೆ ಹೋಗುವ ಹುಡುಗಿ. ಆ ಸಾಲು ನನ್ನ ಬೆನ್ನಿಗೂ ಹತ್ತಿದೆ ಎಂದು ಗೊತ್ತಾಗಲು ಬಹಳ ವರ್ಷ ಬೇಕಾಯಿತು. ಹುಟ್ಟಿನಿಂದ ಬಂದದ್ದು ಎಂದರೆ ರಕ್ತದಲ್ಲಿದೆ. ಅಪ್ಪನ ರಕ್ತದಲ್ಲಿದ್ದರೆ ಮಗಳಿಗೂ ಇದೆ, ಇವತ್ತು ಕಾಣದಿದ್ದರೆ ನಾಳೆ ಕಾಣುತ್ತದೆ. ಗದಗಿನ ಡಾಕ್ಟರು, ಇದು ಪೆಟ್ಟಿನಿಂದ ಬಂದದ್ದು, ಮಗಳಿಗೆ ಏನೂ ಆಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದರು. ಆದರೆ ಅವರದು ಒಬ್ಬ ಡಾಕ್ಟರ ಮಾತು. ಇದು ಸರಕಾರದ ಸಿಂಹದ ಮುದ್ರೆ ಒತ್ತಿದ ಮಾತು.

ಮೊದಲು ನನ್ನನ್ನು ನೋಡಲು ಬಂದವರು ಮುಂಡರಗಿಯವರು. ಉಪ್ಪಿಟ್ಟು ತಿಂದರು, ಚಹಾ ಕುಡಿದರು, ನನ್ನ ಓದು, ಕೆಲಸ, ಅಡಿಗೆ ಎಲ್ಲವನ್ನೂ ಕೇಳಿದರು. ಹುಡುಗನಿಗೂ ಒಪ್ಪಿಗೆಯಾದಂತೆ ಕಂಡಿತು. ವಾರ ಕಳೆದ ಮೇಲೆ ಅವರ ಪೈಕಿ ಹಿರಿಯರೊಬ್ಬರು ಲಕ್ಷ್ಮೇಶ್ವರದ ಸಂತೆಯಲ್ಲಿ ಅಪ್ಪನನ್ನು ಬದಿಗೆ ಕರೆದು ಹೇಳಿದರು: "ಹುಡುಗಿ ಚಲೋ ಅದಾಳ್ರಿ, ಮನಿತನಾನೂ ಚಲೋ ಐತಿ. ಆದ್ರ ಏನ್ ಮಾಡೂದ್ರಿ, ಸರಕಾರನ ಬರದ ಕೊಟ್ಟೈತಲ್ಲ." ಅಪ್ಪ ಆ ಮಾತನ್ನು ಹಾಗೇ ತಂದು ನಮ್ಮ ಮುಂದೆ ಇಟ್ಟ. ನಾನು ಮದುವೆಗಾಗಿ ಹಾತೊರೆದವಳಲ್ಲ. ಆದರೆ ಒಲ್ಲೆ ಎನ್ನುವ ಅಧಿಕಾರ ನನಗೂ ಇರಬೇಕಿತ್ತು. ನನ್ನ ಪರವಾಗಿ ಯಾರೋ ದೂರದಲ್ಲಿ ಕುಳಿತು ಮೊದಲೇ ಒಲ್ಲೆ ಎಂದು ಬರೆದಿಟ್ಟಿದ್ದರು. ಆ ಸಿಟ್ಟು ಇವತ್ತಿಗೂ ನನ್ನ ಮೈಯಲ್ಲಿದೆ.

ಅಪ್ಪ ಕೇಸು ಹಾಕಲು ಹೊರಟದ್ದು ಆ ಸಂತೆಯ ದಿನದಿಂದ. ಪಿಂಚಣಿ ಬಂದರೆ ಗುಳಿಗೆಯ ಖರ್ಚಿಗಾಯಿತು ಎಂದು ಅವ್ವನ ಲೆಕ್ಕ. ಅಪ್ಪನದು ಬೇರೆ. "ರೊಕ್ಕ ಕೊಡದಿದ್ರ ಬಿಡಲಿ. ಆ ಒಂದ ಸಾಲು ಹೊಡದ ಹಾಕಿದ್ರ ಸಾಕು," ಎಂದು ನಮ್ಮ ವಕೀಲರಿಗೆ ಹೇಳಿದ. ಅವರು ಗದಗಿನವರೇ, ಅವರ ಅರ್ಜಿಗಳನ್ನೆಲ್ಲ ನಮ್ಮ ಅಂಗಡಿಯಲ್ಲೇ ಟೈಪು ಮಾಡಿಸುತ್ತಿದ್ದರು. ಇಲಾಖೆಗೆ ಮಾಡಿದ ಮೇಲ್ಮನವಿಗಳು ಒಂದೊಂದಾಗಿ ತಿರಸ್ಕಾರವಾಗಿ ಬಂದವು. ಕೊನೆಗೆ ಸೈನಿಕರ ತಕರಾರುಗಳನ್ನು ಕೇಳುವ ನ್ಯಾಯಮಂಡಳಿಗೆ ಹೋದೆವು. ಅದು ಇರುವುದು ದೂರದ ಊರಲ್ಲಿ. ಈಗ ವಿಡಿಯೋದಲ್ಲೇ ವಿಚಾರಣೆ ನಡೆಯುವುದರಿಂದ ವಕೀಲರ ಆಫೀಸಿನ ಕಂಪ್ಯೂಟರ್ ಮುಂದೆ ಕುಳಿತರೆ ಸಾಕಿತ್ತು.

ಮೊದಲ ವಿಚಾರಣೆಯ ದಿನ ಅಪ್ಪ ಇಸ್ತ್ರಿ ಮಾಡಿದ ಕೋಟು ಹಾಕಿ, ಪದಕಗಳನ್ನು ಚುಚ್ಚಿಕೊಂಡು ಬಂದ. ಪರದೆಯ ಮೇಲೆ ನ್ಯಾಯಾಧೀಶರು ಕಂಡದ್ದೇ ತಡ, ಎದ್ದು ಸೆಟೆದು ನಿಂತುಬಿಟ್ಟ. ಅವರಿಗೆ ಕಂಡದ್ದು ಅವನ ಹೊಟ್ಟೆಯ ಮೇಲಿನ ಗುಂಡಿಗಳು ಮಾತ್ರ. ಕುಳ್ಳಿರಿಸಲು ನಾನೂ ನಮ್ಮ ವಕೀಲರೂ ಅವನ ತೋಳು ಹಿಡಿದು ಜಗ್ಗಬೇಕಾಯಿತು. ನ್ಯಾಯಾಧೀಶರು, ಸರಕಾರದ ಪರವಾಗಿ ಯಾರಿದ್ದೀರಿ ಎಂದು ಕೇಳಿದರು. ಯಾರೂ ಇರಲಿಲ್ಲ. ಇನ್ನೊಂದು ಸಲ ಕೇಳಿ, ಮುಂದಿನ ತಾರೀಖು ಕೊಟ್ಟರು. ಕೋಟಿನ ಇಸ್ತ್ರಿ ಮುರಿಯುವ ಮೊದಲೇ ನಮ್ಮ ವಿಚಾರಣೆ ಮುಗಿದಿತ್ತು.

ಆಮೇಲೆ ಎಲ್ಲ ತಾರೀಖುಗಳೂ ಹೀಗೇ. ಒಮ್ಮೆ ಒಬ್ಬರು ಬಂದು, ಕಡತ ಇನ್ನೂ ಕೈಸೇರಿಲ್ಲ, ಸಮಯ ಬೇಕು ಎಂದರು. ಮುಂದಿನ ಸಲ ಬಂದವರು ಬೇರೆಯವರು. ಹಿಂದಿನವರ ಅವಧಿ ಮುಗಿದಿದೆ, ತನಗೆ ಈ ಕೇಸು ಹೊಸದು, ಸಮಯ ಬೇಕು ಎಂದರು. ಅದರ ಮುಂದೆ ಯಾರೂ ಇಲ್ಲ: ಸರಕಾರಿ ವಕೀಲರ ಹಳೆಯ ಪಟ್ಟಿಯ ಕಾಲ ಮುಗಿದಿತ್ತು, ಹೊಸ ಪಟ್ಟಿ ದಿಲ್ಲಿಯಲ್ಲಿ ಯಾರದೋ ಮೇಜಿನ ಮೇಲಿತ್ತು. ಒಂದು ದಿನ ಇದ್ದೊಬ್ಬ ವಕೀಲರೇ, ನೆಗಡಿಯಾಗಿ ಮೂಗು ಒರೆಸುತ್ತ, ಆ ದಿನದ ಎಲ್ಲ ಕೇಸುಗಳಿಗೂ ನಿಂತು ಸಮಯ ಕೇಳಿದರು. ನ್ಯಾಯಾಧೀಶರು ಅವರನ್ನು ಬೈದರು. ನನಗೆ ಆ ಮನುಷ್ಯನ ಮೇಲೆ ಕನಿಕರ ಬಂತು, ಅವರನ್ನು ಹಾಗೆ ಒಂಟಿಯಾಗಿ ನಿಲ್ಲಿಸಿದವರ ಮೇಲೆ ಸಿಟ್ಟು ಬಂತು. ಸರಕಾರದ ಮಾತು ಕೇಳದೆ ತೀರ್ಪು ಕೊಡಬಾರದೇ ಎಂದರೆ, ಕೊಡಬಹುದು, ಆದರೆ ನಾಳೆ ಒಂದು ಅರ್ಜಿ ಹಾಕಿ ಅದನ್ನು ಕೆಡವುತ್ತಾರೆ ಎಂದು ನಮ್ಮ ವಕೀಲರು ಹೇಳಿದರು. ಹೀಗಾಗಿ ಎದುರಿನವರಿಗೆ ವಕೀಲ ಸಿಗುವ ತನಕ ನಮಗೆ ನ್ಯಾಯ ಸಿಗುವಂತಿರಲಿಲ್ಲ.

ನನಗೆ ಇದು ಅರ್ಥವಾಗುತ್ತಿತ್ತು. ಅಪ್ಪ, ಅವ್ವ ಅರ್ಥ ಮಾಡಿಕೊಂಡದ್ದೇ ಬೇರೆ. ಹಿಂದೆ ನಮ್ಮ ಹೊಲದ ಪಂಪ್‌ಸೆಟ್ ಕಳುವಾದಾಗ ಶಿರಹಟ್ಟಿಯ ಕೋರ್ಟಿನಲ್ಲಿ ಕಳ್ಳರ ಮೇಲೆ ಕೇಸು ನಡೆದಿತ್ತು. ಆಗ ನಮ್ಮ ಕಡೆ ನಿಂತು ಮಾತಾಡಿದವರು ಸರಕಾರಿ ವಕೀಲರು. ಒಂದು ಪೈಸೆ ಕೇಳಲಿಲ್ಲ, ಕಳ್ಳರಿಗೆ ಶಿಕ್ಷೆ ಕೊಡಿಸಿದರು. ನಮ್ಮ ಕಡೆಯ ಹಳ್ಳಿಗಳಲ್ಲಿ ಬಹಳ ಮಂದಿಗೆ ಗೊತ್ತಿರುವುದು ಇದೊಂದೇ: ಸರಕಾರಿ ವಕೀಲ ಎಂದರೆ ನೊಂದವರ ಕಡೆಯವನು. ಈ ಕೇಸಿನಲ್ಲಿ ಹಾಗಲ್ಲ, ಅವರು ನಿನ್ನ ವಿರುದ್ಧ ವಾದಿಸಲು ಬರುವವರು ಎಂದು ನಾನು ಅಪ್ಪನಿಗೆ ಬಿಡಿಸಿ ಬಿಡಿಸಿ ಹೇಳಿದೆ. ಅವನು ನಕ್ಕ.

"ನಾ ಸರಕಾರದ ಮನಷ್ಯಾ. ಅವ ಸರಕಾರದ ವಕೀಲ. ನನ್ನ ವಿರುದ್ಧ ಯಾಕ ಮಾತಾಡತಾನ? ಅವ ಬಂದಿಲ್ಲ, ಅದಕ್ಕ ನಮ್ಮ ಕೆಲಸ ನಿಂತೈತಿ, ಅಷ್ಟ."

ಕೊನೆಯ ಮಾತು ಖರೆ ಇತ್ತು. ಅದರಿಂದಾಗಿ ಮೊದಲಿನ ಮಾತು ಸುಳ್ಳು ಎಂದು ಅವನನ್ನು ಒಪ್ಪಿಸಲು ನನ್ನಿಂದ ಆಗಲಿಲ್ಲ. ಅವ್ವನಂತೂ ಆ ಕಾಣದ ವಕೀಲನ ಬಗ್ಗೆ ಮನೆಯ ಅಳಿಯನ ಬಗ್ಗೆ ಮಾತಾಡುವಂತೆ ಮಾತಾಡುತ್ತಿದ್ದಳು.

ಆ ಕಾಯುವ ಕಾಲದಲ್ಲೇ ಅಪ್ಪ ಒಮ್ಮೆ ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಮೂರ್ಛೆ ಬಂದು ಬಿದ್ದ. ನಾನು ಜೊತೆಗಿದ್ದೆ. ಮಂದಿ ಓಡಿ ಬಂದರು, ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದರು, ಕೈಯಲ್ಲಿ ಕಬ್ಬಿಣದ ಕೀಲಿಕೈ ಇಟ್ಟರು. ಬೇಡ, ಸುಮ್ಮನೆ ಮಗ್ಗುಲಿಗೆ ಮಲಗಿಸಿರಿ ಎಂದು ನಾನು ಕೂಗುತ್ತಿದ್ದೆ. ಏನಾಗಿದೆ ಎಂದು ಯಾರೋ ಕೇಳಿದರು. ಗುಂಪಿನಲ್ಲಿದ್ದ ನಮ್ಮೂರಿನವನೊಬ್ಬ, ಉಪಕಾರ ಮಾಡುವ ದನಿಯಲ್ಲೇ, ಇವರಿಗೆ ಇದು ಹುಟ್ಟಿನಿಂದ ಇದೆ, ಸರಕಾರದಲ್ಲೇ ರಿಕಾರ್ಡು ಇದೆ ಎಂದು ಎಲ್ಲರಿಗೂ ತಿಳಿಸಿ ಹೇಳಿದ. ಅಪ್ಪ ಕಣ್ಣು ಬಿಟ್ಟಾಗ ಮೊದಲು ಅವನ ಕಿವಿಗೆ ಬಿದ್ದ ಮಾತು ಅದು. ಬಸ್ಸಿನಲ್ಲಿ ಊರು ಮುಟ್ಟುವ ತನಕ ಅವನು ನನ್ನ ಮುಖ ನೋಡಲಿಲ್ಲ.

ಮರುದಿನ ಅಂಗಡಿಗೆ ಹೋದವಳೇ ನಾನು ಒಂದು ಮನವಿ ಟೈಪು ಮಾಡಿದೆ. ನ್ಯಾಯಮಂಡಳಿಗೆ ಸಾಕಷ್ಟು ಸರಕಾರಿ ವಕೀಲರಿಲ್ಲ, ಮಾಜಿ ಸೈನಿಕರ ಮೇಲ್ಮನವಿಗಳು ಕೊಳೆಯುತ್ತಿವೆ, ಜಲ್ದಿ ನೇಮಿಸಿರಿ ಎಂದು. ಮಲ್ಲಸಮುದ್ರ, ಹಿರೇಹಂದಿಗೋಳ, ಮುಂಡರಗಿ ಕಡೆಯ ಮಾಜಿ ಸೈನಿಕರನ್ನು ಅಪ್ಪ ಹುಡುಕಿಕೊಂಡು ಹೋಗಿ ಸಹಿ ತಂದ. ಒಬ್ಬರಿಗೆ ಮೊಣಕಾಲು, ಒಬ್ಬರಿಗೆ ಕಿವಿ, ಒಬ್ಬಾಕೆಗೆ ತೀರಿಹೋದ ಗಂಡನ ಪಿಂಚಣಿ. ಎಲ್ಲರದೂ ಅದೇ ತಾರೀಖಿನ ಕಥೆ. ನಮ್ಮ ವಕೀಲರು ಅದನ್ನು ಓದಿ, ಎದುರಿನವರಿಗೆ ವಕೀಲರನ್ನು ಕೊಡಿರಿ ಎಂದು ಕಾಲು ಹಿಡಿಯುವ ಕಕ್ಷಿದಾರರನ್ನು ಇವತ್ತೇ ನೋಡಿದೆ ಎಂದು ನಕ್ಕರು. ಗದಗಿಗೆ ಒಂದು ಸಮಾರಂಭಕ್ಕೆ ಬಂದ ದೊಡ್ಡ ಮನುಷ್ಯರಿಗೆ ಅಪ್ಪ ಮನವಿ ಕೊಟ್ಟ. ಅವರು ಜೈ ಜವಾನ್ ಎಂದರು, ಅಪ್ಪನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡರು, ಮನವಿಯನ್ನು ಹಿಂದಿದ್ದವನಿಗೆ ಕೊಟ್ಟರು. ಅವನು ಅದನ್ನು ತನ್ನ ಹಿಂದಿದ್ದವನಿಗೆ ಕೊಟ್ಟ. ಅದಕ್ಕಿಂತ ಹಿಂದೆ ಏನಾಯಿತೋ ನಮಗೆ ಕಾಣಲಿಲ್ಲ.

ನಮ್ಮ ಮನವಿಯಿಂದಲೇ ಆಯಿತೆಂದು ನಾನು ಹೇಳುವುದಿಲ್ಲ. ಅಂತೂ ಒಂದು ದಿನ ಹೊಸ ಪಟ್ಟಿ ಬಂತು. ಒಬ್ಬಿಬ್ಬರಲ್ಲ, ನಮ್ಮ ನ್ಯಾಯಮಂಡಳಿಯ ಪೀಠಕ್ಕೇ ಒಂದು ಹಿಂಡು ವಕೀಲರು. ಅವ್ವ ಶಿರಹಟ್ಟಿಗೆ ಹೋಗಿ ಹರಕೆ ತೀರಿಸಿ, ಬಂದವಳೇ ಶೇಂಗಾ ಹೋಳಿಗೆ ಮಾಡಿ ಡಬ್ಬಿ ತುಂಬಿದಳು, ಸರಕಾರಿ ವಕೀಲರಿಗೆ ಕೊರಿಯರ್ ಮಾಡಬೇಕೆಂದು. ಎದುರಿನ ವಕೀಲರಿಗೆ ತಿನಿಸು ಕಳಿಸಿದರೆ ಲಂಚ ಎಂದಾರು ಎಂದು ನಮ್ಮ ವಕೀಲರು ಗಾಬರಿಯಾಗಿ ಡಬ್ಬಿಯನ್ನು ತಡೆದರು. ಹೋಳಿಗೆಯನ್ನು ಅವರ ಆಫೀಸಿನವರೇ ತಿಂದು ಮುಗಿಸಿದರು. ಅವ್ವನಿಗೆ ಇದು ಕೊನೆಗೂ ಸಮಾಧಾನವಾಗಲಿಲ್ಲ.

ನಮ್ಮ ಕೇಸಿಗೆ ಬಂದ ಸರಕಾರಿ ವಕೀಲೆ ನನ್ನದೇ ವಯಸ್ಸಿನಾಕೆ. ಕಡತ ಓದಿಕೊಂಡು ಬಂದಿದ್ದಳು. ಆಕೆ ಬಾಯಿ ತೆರೆದ ಕೂಡಲೇ ಅದು ಗೊತ್ತಾಯಿತು. ಸೇರುವಾಗ ಈ ರೋಗವಿತ್ತು ಎನ್ನಲು ಏನಾದರೂ ದಾಖಲೆ ಇದೆಯೇ ಎಂದು ನ್ಯಾಯಾಧೀಶರು ಕೇಳಿದರು. ಇಲ್ಲ, ಆಗ ಸಂಪೂರ್ಣ ಆರೋಗ್ಯವಂತ ಎಂದೇ ಬರೆದಿದೆ, ತಲೆಗೆ ಪೆಟ್ಟಾದದ್ದೂ ದಾಖಲೆಯಲ್ಲಿದೆ ಎಂದಳು. ತಿರುಚಲಿಲ್ಲ, ಸಮಯ ಕೇಳಲಿಲ್ಲ. ಒಂದು ಕಪ್ ಚಹಾ ಆರುವುದರೊಳಗೆ ಎಲ್ಲ ಮುಗಿಯಿತು. ಇದು ಸೇವೆಯಿಂದಲೇ ಬಂದ ರೋಗ, ವೈದ್ಯರ ಮಂಡಳಿಯ ಮಾತನ್ನು ರದ್ದು ಮಾಡಿದ್ದೇವೆ ಎಂದು ಆದೇಶವಾಯಿತು. ಇಷ್ಟು ವರ್ಷ ನಾವು ಕಾದದ್ದು, ಒಬ್ಬರು ಕುಳಿತು ಒಂದು ಕಡತ ಓದಲಿ ಎಂದೇ. ನನಗೆ ಅಳು ಬಂತು, ಸಿಟ್ಟಿನದೋ ಸಂತೋಷದ್ದೋ ತಿಳಿಯಲಿಲ್ಲ.

ಅಪ್ಪ ನನ್ನ ಕಡೆ ತಿರುಗಿ, "ನೋಡಿದಿ? ನಮ್ಮ ವಕೀಲ್ರು ಬಂದ್ರು, ಕೆಲಸ ಆತು," ಎಂದ. ಪಕ್ಕದಲ್ಲೇ ಕುಳಿತಿದ್ದ ನಮ್ಮ ಗದಗಿನ ವಕೀಲರು ಪಾಪ ಕನ್ನಡಕ ಒರೆಸಿಕೊಂಡರು. ಆ ವಾರ ಬೆಳ್ಳಟ್ಟಿಯ ಕಟ್ಟೆಯ ಮೇಲೆ ಆದೇಶವನ್ನು ಓದಿದವಳು ನಾನೇ. ಸೇವೆಯಿಂದಲೇ ಬಂದ ರೋಗ ಎಂಬ ಸಾಲು ಬಂದಾಗ ಅಪ್ಪ, ಇನ್ನೊಮ್ಮೆ ಓದು ಎಂದ. ಓದಿದೆ.

ಸುದ್ದಿ ಹರಡಿದ ಮೇಲೆ ಹಿರೇಹಂದಿಗೋಳದಿಂದ ಒಂದು ಸಂಬಂಧ ಬಂತು. ಅಷ್ಟು ಹೊತ್ತಿಗೆ ಆ ಮುಂಡರಗಿಯ ಹುಡುಗನ ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಇವನು ಟ್ರ್ಯಾಕ್ಟರ್ ರಿಪೇರಿ ಮಾಡುವವನು, ನನ್ನ ಹಾಗೆ ವಯಸ್ಸು ಮೀರಿದವನು. ಅವನ ಮನೆಯ ಹಿರಿಯರು ಆದೇಶದ ಝೆರಾಕ್ಸ್ ಕೇಳಿ ಪಡೆದುಕೊಂಡರು. ಕೇಳಿದ್ದಕ್ಕೆ ನನಗೆ ಅವಮಾನವಾಯಿತು, ಅಪ್ಪನಿಗೆ ಹೆಮ್ಮೆಯಾಯಿತು. ಹುಡುಗ ಸಂಜೆ ಕೆಲಸ ಮುಗಿಸಿ ಫೋನು ಮಾಡುತ್ತಿದ್ದ. ಮಾತು ಕಡಿಮೆ, ಆದರೆ ನಾನು ನಕ್ಕರೆ ಅವನೂ ನಗುತ್ತಿದ್ದ. ನನಗೆ ಮನಸ್ಸಾಗಿತ್ತು. ನಿಶ್ಚಯಕ್ಕೆ ದಿನ ನೋಡುವುದೊಂದೇ ಬಾಕಿ ಇತ್ತು.

ಆಗ ಮೇಲಿನ ಕೋರ್ಟಿನಿಂದ ನೋಟೀಸು ಬಂತು. ನ್ಯಾಯಮಂಡಳಿಯ ಆದೇಶ ತಪ್ಪು, ರೋಗ ಹುಟ್ಟಿನಿಂದ ಬಂದದ್ದೇ ಎಂದು ಸರಕಾರ ಮೇಲ್ಮನವಿ ಹಾಕಿತ್ತು. ಆ ವಕೀಲೆ ದಾಖಲೆ ಇಲ್ಲ ಎಂದು ಒಪ್ಪಿಕೊಂಡಿದ್ದಳಲ್ಲ ಎಂದು ನಾನು ವಕೀಲರ ಮೇಲೆ ಹರಿಹಾಯ್ದೆ. ಅವರು ತಾಳ್ಮೆಯಿಂದ ಹೇಳಿದರು: ಆಕೆ ಒಪ್ಪಿದರೆ ಇಲಾಖೆ ಒಪ್ಪಿದಂತಲ್ಲ. ಇಂಥ ಆದೇಶಗಳ ಮೇಲೆಲ್ಲ ಮೇಲ್ಮನವಿಗೆ ಹೋಗಿರಿ ಎಂದು ಮೇಲಿನವರ ಹುಕುಂ ಮೊದಲಿನಿಂದಲೂ ಇತ್ತು. ಹಿಂದೆ ಬರೆಯಲು ಕೈ ಇರಲಿಲ್ಲ, ಕಡತ ಬಿದ್ದಲ್ಲೇ ಬಿದ್ದು ಅವಧಿ ಮೀರಿಹೋಗುತ್ತಿತ್ತು, ಜವಾನರು ಬಚಾವಾಗುತ್ತಿದ್ದರು. ಈಗ ಕೈಗಳು ಬಂದಿವೆ, ಗಂಟು ಗಂಟಾಗಿ ಮೇಲ್ಮನವಿ ಹೋಗುತ್ತಿವೆ.

ಆ ಕೈಗಳನ್ನು ಕೇಳಿ ಮನವಿ ಟೈಪು ಮಾಡಿದವಳು ನಾನು. ಸಹಿ ತಂದವನು ಅಪ್ಪ. ಸರಕಾರದ ಅರ್ಜಿಯನ್ನು ಓದಿದೆ. ನನ್ನ ಕಸುಬಿನವರಿಗೆ ತಕ್ಷಣ ತಿಳಿಯುತ್ತದೆ, ಒಂದೇ ನಮೂನೆ ಇಟ್ಟುಕೊಂಡು ಹೆಸರು ಬದಲಿಸುತ್ತ ಹೋಗಿದ್ದರು. ನಮ್ಮದರ ನಡುವೆ ಒಂದು ಕಡೆ ಯಾರದೋ ಮೊಣಕಾಲು ಹಾಗೇ ಉಳಿದಿತ್ತು. ವಕೀಲರು ಬೇಡ ಎಂದು ನಾನು ಇಂದಿಗೂ ಹೇಳುವುದಿಲ್ಲ. ಕಡತ ಓದಿದ ಒಬ್ಬಾಕೆ ಏನು ಮಾಡಬಲ್ಲಳು ಎಂದು ಕಣ್ಣಾರೆ ಕಂಡಿದ್ದೇನೆ. ಆದರೆ ವಕೀಲರು ಬೇಕೆಂದು ಕೇಳಿದ ನಾವು, ಅವರ ಬಾಯಿಂದ ಏನು ಹೇಳಿಸಬೇಕೆಂದು ಕೇಳಿರಲಿಲ್ಲ. ಅದನ್ನು ಠರಾಯಿಸುವವರು ಕೋರ್ಟಿಗೆ ಬರುವುದೇ ಇಲ್ಲ.

ಹಿರೇಹಂದಿಗೋಳದವರಿಗೆ ಅಪ್ಪನೇ ಹೋಗಿ ಹೇಳಿ ಬಂದ. ಮುಚ್ಚಿಡುವುದು ಅವನಿಗೆ ಬರುವುದಿಲ್ಲ. ಮೇಲಿನ ಕೋರ್ಟು ಮೊದಲ ದಿನ ಏನು ಹೇಳುತ್ತದೋ ನೋಡೋಣ, ಆಮೇಲೆ ನಿಶ್ಚಯ ಎಂದರಂತೆ. ಹುಡುಗ ಸಂಜೆ ಫೋನು ಮಾಡಿ, "ನನಗೇನೂ ಇಲ್ರಿ. ಮನ್ಯಾಗ ಹಿರಿಯಾರು ಕೇಳವಲ್ರು," ಎಂದ. ಇಂಥ ಕೇಸು ಮೊದಲ ದಿನ ಕೈಗೆತ್ತಿಕೊಳ್ಳುವುದೇ ಅಪರೂಪ, ಎತ್ತಿಕೊಂಡರೂ ತಳ್ಳಿಹಾಕುವ ಸಂಭವವಿದೆ ಎಂದು ನಮ್ಮ ವಕೀಲರು ಧೈರ್ಯ ಹೇಳುತ್ತಿದ್ದರು.

ಆ ದಿನ ಮತ್ತೆ ಅದೇ ಆಫೀಸಿನಲ್ಲಿ ಪರದೆಯ ಮುಂದೆ ಕುಳಿತೆವು. ನ್ಯಾಯಾಧೀಶರು ಬರುವ ಮೊದಲೇ ಸರಕಾರದ ಇಬ್ಬರು ವಕೀಲರು ಬಂದು ಕುಳಿತಿದ್ದರು. ನಮ್ಮ ಕೇಸು ಕೂಗಿದ ಕೂಡಲೇ ಒಬ್ಬರು ಎದ್ದು ನಿರರ್ಗಳವಾಗಿ ಮಾತಾಡಿದರು. ಸಮಯ ಬೇಕು ಎನ್ನಲಿಲ್ಲ. ನಮ್ಮ ವಕೀಲರೂ ಹೇಳುವಷ್ಟು ಹೇಳಿದರು. ವಿಚಾರಣೆಗೆ ತೆಗೆದುಕೊಂಡಿದ್ದೇವೆ, ಮುಗಿಯುವವರೆಗೆ ಕೆಳಗಿನ ಆದೇಶಕ್ಕೆ ತಡೆ ಎಂದು ನ್ಯಾಯಾಧೀಶರು ಹೇಳಿದರು.

ಅಪ್ಪ, ತಡೆ ಎಂದರೆ ಏನು ಎಂದು ಕೇಳಿದ.

"ಕೇಸು ಮುಗಿಯೂತನಕ ಆ ಆದೇಶ ಇಲ್ಲ ಅಂತನ ತಿಳೀಬೇಕ್ರಿ," ಎಂದರು ವಕೀಲರು. "ಮೊದಲ ಹೆಂಗಿತ್ತೋ ಹಂಗ."

"ಎಷ್ಟ ವರ್ಷ ಆಗಬಹುದ್ರಿ?"

ಹೇಳಲು ಬರುವುದಿಲ್ಲ ಎಂದು ಅವರು ತಲೆಯಾಡಿಸಿದರು.

"ಹಂಗಾರ ಅಲ್ಲೀತನಕ ನಂದು ಹುಟ್ಟಿನಿಂದ ಬಂದ ಬ್ಯಾನಿ ಏನ್ರಿ?"

ವಕೀಲರು, ಕಾಯದೆಯ ಪ್ರಕಾರ ಎಂದು ಏನೋ ಹೇಳತೊಡಗಿದರು. ಅಪ್ಪ ನನ್ನ ಕಡೆ ತಿರುಗಿದ. ಬಸ್ಸಿನಲ್ಲಿ ನನ್ನ ಮುಖ ನೋಡದೆ ಕುಳಿತಿದ್ದವನು ಈಗ ನೋಡಿದ, ನೋಡುತ್ತಲೇ ವಕೀಲರನ್ನು ಕೇಳಿದ:

"ಈಕಿದೂ?"

ಪರದೆಯ ಮೇಲೆ ಆಗಲೇ ಇನ್ಯಾವನೋ ಜವಾನನ ಕೇಸು ಕೂಗಿದ್ದರು. ಸರಕಾರದ ಪರ ವಕೀಲರು ಹಾಜರಿದ್ದರು.